ದುರ್ಯೋಧನನ ಮನೆಯ ಊಟ

ಪ್ರಜೆಗಳ ಮೇಲೆಯೇ ಶಸ್ತ್ರವೆತ್ತಿದ ಆಳ್ವಿಕೆಯೊಡನೆ ನೆರೆಹೊರೆಯವರು ಹೇಗೆ ವ್ಯವಹರಿಸತಕ್ಕದ್ದು? ಮೆಲುಮಾತಿನಿಂದಲೋ, ನಿರ್ಬಂಧದಿಂದಲೋ? ಬ್ರಹ್ಮದೇಶದ ವಿಷಯವಾಗಿ ಈ ಚರ್ಚೆಯು 1988ರಿಂದಲೂ ನಡೆದುಬಂದಿದೆ. ನಮ್ಮ ವಿದ್ಯಾವಂತರಲ್ಲಿ ಅನೇಕರು, “ಆ ಸೇನಾಪತಿಗಳು ಒಳ್ಳೆಯವರೋ ಕೆಟ್ಟವರೋ, ಅಂತೂ ನೆರೆಯವರು, ಅವರೊಡನೆ ಸಾಮವೇ ಲೇಸು” ಎಂದು ಹೇಳಿ ಸುಮ್ಮನಾಗುವರು. ಈ ಮಾತು ಅರ್ಧಸತ್ಯವು. ಉಳಿದರ್ಧವನ್ನು ಮರೆಸುವುದರಿಂದ ಅಪಾಯಕರವೂ ಆಗಿರುವುದು.

ಪಾಠಶಾಲೆಯಲ್ಲಿ ನಮ್ಮ ಗುರುಗಳು ಸಾಮ, ದಾನ, ಭೇದ, ದಂಡಗಳೆಂಬ ಚತುರುಪಾಯಗಳನ್ನು ಬೋಧಿಸುವಾಗ ಉದ್ಯೋಗಪರ್ವದ ಕೃಷ್ಣಸಂಧಾನವನ್ನೇ ಉದಾಹರಿಸುತ್ತಿದ್ದರು. ಭಗವಂತನು ಹಸ್ತಿನಾವತಿಗೆ ಹೋದುದು ಸಂಧಿಗಾಗಿಯೇ ಸರಿ. ಆದರೆ ಅವನ ಬೆನ್ನ ಹಿಂದೆ ಪಾಂಡವರ ಏಳು ಅಕ್ಷೌಹಿಣಿ ಸೇನೆಯಿತ್ತು. ದುರ್ಯೋಧನನು ಭೋಜನಕ್ಕೆ ಕರೆದಾಗ, ಬಂದ ಕಾರ್ಯವು ಕೈಗೂಡುವ ಮುನ್ನ ದೂತನು ಉಣ್ಣತಕ್ಕದ್ದಲ್ಲವೆಂದು ನಿರಾಕರಿಸಿದನು. ಉಂಡುದು ವಿದುರನ ಮನೆಯಲ್ಲಿ. ಸಭೆಯಲ್ಲಿ ಮಾತು ಬಿಡಲಿಲ್ಲ, ಮನೆಯಲ್ಲಿ ಎಲೆಗೆ ಕೂರಲಿಲ್ಲ. ಸಾಮಕ್ಕೂ ದಾನಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದೃಷ್ಟಾಂತವನ್ನು ನಾನರಿಯೆನು.

ಮಾತಿನಿಂದ ಫಲವೇ ಇಲ್ಲವೆಂದು ವಾದಿಸುವವನು ನಾನಲ್ಲ. 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತವು ಐರಾವತೀ ನದಿಯ ಮುಖಜಭೂಮಿಗೆ ಅಪ್ಪಳಿಸಿ, ಸುಮಾರು 1,38,000 ಜನರು ಸತ್ತರು ಅಥವಾ ಕಾಣೆಯಾದರು. ಹೊರನಾಡಿನ ಪರಿಹಾರ ಕಾರ್ಯಕರ್ತರನ್ನು ಸೇನಾಡಳಿತವು ತಡೆದು ನಿಲ್ಲಿಸಿತು. ಕಡೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗಳಾದ ಬಾನ್ ಕಿ ಮೂನ್ ಅವರು ತಾವೇ ಹೋಗಿ ಸೇನಾಧಿಪತಿ ಥಾನ್ ಶ್ವೆ ಅವರೊಡನೆ ಮಾತನಾಡಿದ ಮೇಲೆ, ಆಗ್ನೇಯ ಏಷ್ಯದ ರಾಷ್ಟ್ರಕೂಟದ ನೆರವಿನಿಂದ ಬಾಗಿಲು ತೆರೆಯಿತು. ಅಂದು ಎಲ್ಲರೂ ದೂರ ನಿಂತು ಶಪಿಸುತ್ತಲೇ ಇದ್ದಿದ್ದರೆ ಸಂಕಟವು ಹೆಚ್ಚುತ್ತಿತ್ತೇ ಹೊರತು ತಗ್ಗುತ್ತಿರಲಿಲ್ಲ.

ದಂಡವನ್ನಾದರೂ ಕಣ್ಣುಮುಚ್ಚಿ ಬೀಸಲಾಗದು. 2003ರಲ್ಲಿ ಅಮೆರಿಕವು ಆ ದೇಶದ ಸರಕುಗಳ ಆಮದನ್ನು ನಿಷೇಧಿಸಿತು. ಉಡುಪಿನ ಕಾರ್ಖಾನೆಗಳು ಮುಚ್ಚಿ, ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಸೇನಾಪತಿಗಳಿಗಾದರೋ ಥೈಲೆಂಡಿಗೆ ಮಾರಿದ ಅನಿಲದ ಹಣವು ಬರುತ್ತಲೇ ಇತ್ತು. ಪೆಟ್ಟು ಕೂಲಿಯವಳಿಗೆ, ಕಪ್ಪವು ಅರಮನೆಗೆ! 2022ರಲ್ಲಿ ಯೂರೋಪಿನ ಒಕ್ಕೂಟವು ಅಲ್ಲಿಯ ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಯ ಮೇಲೆಯೇ ನಿರ್ಬಂಧ ಹೇರಿತು. ಗುರಿಯರಿತ ದಂಡವೆಂದರೆ ಇದು.

ಇನ್ನು ನಮ್ಮ ನಡತೆಯನ್ನು ನೋಡೋಣ. 1988ರ ಚಳವಳಿಯಲ್ಲಿ ಭಾರತವು ಪ್ರಜೆಗಳ ಪಕ್ಷವಹಿಸಿ, ಓಡಿಬಂದ ವಿದ್ಯಾರ್ಥಿಗಳಿಗೆ ಆಶ್ರಯವಿತ್ತಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕೀ ಅವರ ಪಕ್ಷವು 485 ಸ್ಥಾನಗಳಲ್ಲಿ 392ನ್ನು ಗೆದ್ದರೂ ಸೇನೆಯು ಅಧಿಕಾರವನ್ನು ಬಿಡಲಿಲ್ಲ. 1993ರಿಂದ ನಮ್ಮ ಧೋರಣೆಯು ತಿರುಗಿತು. 2004ರಲ್ಲಿಯೂ 2010ರಲ್ಲಿಯೂ ಥಾನ್ ಶ್ವೆ ಅವರಿಗೆ ದೆಹಲಿಯಲ್ಲಿ ರಾಜೋಚಿತ ಸ್ವಾಗತವಾಯಿತು. 2020ರಲ್ಲಿ ಸಿಂಧುವೀರ್ ಎಂಬ ಜಲಾಂತರ್ಗಾಮಿಯನ್ನು ಅವರ ನೌಕಾಪಡೆಗೆ ಒಪ್ಪಿಸಿದೆವು. ಆಗ ಅಲ್ಲಿ ಚುನಾಯಿತ ಸರ್ಕಾರವಿತ್ತೆಂಬುದು ನಿಜ. 2008ರ ಸಂವಿಧಾನದಂತೆ ಸೈನ್ಯವು ಆ ಸರ್ಕಾರದ ಹಿಡಿತದಲ್ಲಿರಲಿಲ್ಲವೆಂಬುದೂ ಅಷ್ಟೇ ನಿಜ. ಮರುವರ್ಷದ ಫೆಬ್ರವರಿ 1ರಂದು ಆ ಸೈನ್ಯವೇ ಸರ್ಕಾರವನ್ನು ಉರುಳಿಸಿತು. ಮಾರ್ಚ್ 27ರಂದು ಸೇನಾದಿನದ ಮೆರವಣಿಗೆ. ಅದೇ ದಿನ ಊರೂರುಗಳಲ್ಲಿ ನೂರಕ್ಕೂ ಮಿಕ್ಕಿ ಪ್ರಜೆಗಳು ಗುಂಡಿಗೆ ಬಲಿಯಾದರು. ಆ ಮೆರವಣಿಗೆಯಲ್ಲಿ ಉಪಸ್ಥಿತರಾದ ಕೆಲವೇ ದೇಶಗಳ ಪ್ರತಿನಿಧಿಗಳಲ್ಲಿ ನಮ್ಮವರೂ ಇದ್ದರು. ಜೂನ್ ತಿಂಗಳಲ್ಲಿ, ಆ ದೇಶಕ್ಕೆ ಶಸ್ತ್ರಗಳು ಹರಿಯದಂತೆ ತಡೆಯಬೇಕೆಂಬ ನಿರ್ಣಯವು ವಿಶ್ವಸಂಸ್ಥೆಯಲ್ಲಿ 119 ಮತಗಳಿಂದ ಅಂಗೀಕೃತವಾದಾಗ ನಾವು ತಟಸ್ಥರಾದೆವು.

ವಾಚಕಮಹಾಶಯರೇ, ಇದು ಸಾಮವೆ? ಸಾಮವೆಂದರೆ ಹಿತವಾದ ಮಾತು. ಸನ್ಮಾನ, ನೌಕೆ, ಮೆರವಣಿಗೆಯಲ್ಲಿ ಆಸನ, ಇವು ದಾನವು. ಅದೂ ಪ್ರತಿಫಲವನ್ನು ಕೇಳದೆ ಮುಂಗಡವಾಗಿ ಸುರಿದ ದಾನವು. ದಾನಕ್ಕೆ ಸಾಮವೆಂದು ಹೆಸರಿಟ್ಟು ನಮ್ಮನ್ನು ನಾವೇ ವಂಚಿಸಿಕೊಂಡಿದ್ದೇವೆ.

“ಗಡಿಯು 1,643 ಕಿಲೋಮೀಟರ್ ಉದ್ದವಿದೆ, ಈಶಾನ್ಯದಲ್ಲಿ ದಂಗೆಕೋರರಿದ್ದಾರೆ, ನಾವು ಬಿಟ್ಟ ಎಡೆಯಲ್ಲಿ ಚೀನವು ಕೂರುತ್ತದೆ” ಎಂಬ ಆಕ್ಷೇಪವು ಬರುವುದು. ಇದನ್ನು ಹಗುರವಾಗಿ ತಳ್ಳಲಾರೆ. ಆದರೆ ಸ್ವಹಿತದ ತಕ್ಕಡಿಯಲ್ಲಿಯೇ ತೂಗಿದರೂ ಲೆಕ್ಕವು ಸರಿಬಾರದು. ಕೋಲ್ಕತ್ತದಿಂದ ಸಮುದ್ರದ ಮೇಲೆ ಸಿಟ್ವೆಗೆ, ಅಲ್ಲಿಂದ ನದಿಯ ಮೇಲೆ ಪಲೆಟ್ವಾಕ್ಕೆ, ಮುಂದೆ ನೆಲದ ಮೇಲೆ ಮಿಜೋರಾಮಿಗೆ ಸೇರುವ ಕಲಾದಾನ್ ಮಾರ್ಗಕ್ಕೆ 2008ರಲ್ಲಿ ಒಪ್ಪಂದವಾಯಿತು. 2024ರ ಜನವರಿಯಲ್ಲಿ ಪಲೆಟ್ವಾ ಪಟ್ಟಣವು ಅರಕಾನ್ ಸೇನೆಯೆಂಬ ಬಂಡಾಯ ಪಡೆಯ ಕೈಸೇರಿತು. ಯಾರನ್ನು ಓಲೈಸಿ ದಾರಿಯನ್ನು ಪಡೆದೆವೋ, ಆ ದಾರಿಯು ಅವರ ಕೈಯಲ್ಲಿಯೇ ಉಳಿಯಲಿಲ್ಲ! ಜನರ ಸಮ್ಮತಿಯಿಲ್ಲದ ಆಳ್ವಿಕೆಯು ಸ್ಥಿರವೆಂದು ನಂಬಿದುದೇ ಮೂಲಪ್ರಮಾದವು.

ಹಾಗಾದರೆ ಮಾಡತಕ್ಕುದೇನು? ರಾಯಭಾರಿಯನ್ನು ಹಿಂದಕ್ಕೆ ಕರೆಯಬೇಕಾಗಿಲ್ಲ; ಮಾತು ನಡೆಯಲಿ. ಆದರೆ ಶಸ್ತ್ರವನ್ನು ಕೊಡುವುದಾಗಲಿ, ಉತ್ಸವದಲ್ಲಿ ಕೂರುವುದಾಗಲಿ ಬೇಡ. ಸೆರೆಯಾಳುಗಳ ಬಿಡುಗಡೆ, ಹಳ್ಳಿಗಳ ಮೇಲೆ ಬಾಂಬು ಸುರಿಸುವುದರ ನಿಲುಗಡೆ, ಇಂಥ ಒಂದೊಂದು ನಡೆಗೆ ಒಂದೊಂದು ಸೌಲಭ್ಯವೆಂದು ನಿಷ್ಕರ್ಷೆಯಾಗಲಿ. ಹಸಿದವನ ಅನ್ನವನ್ನಲ್ಲ, ಆಳುವವರ ಬೊಕ್ಕಸವನ್ನು ಬಿಗಿಯುವ ನಿರ್ಬಂಧಕ್ಕೆ ನಮ್ಮ ಕೈಯೂ ಸೇರಲಿ. ಜನರು ಆರಿಸಿದ ಪ್ರತಿನಿಧಿಗಳೊಡನೆಯೂ ಗಡಿನಾಡಿನ ಜನಾಂಗಗಳೊಡನೆಯೂ ಬಹಿರಂಗವಾಗಿ ಮಾತನಾಡುವ ಧೈರ್ಯವಿರಲಿ.

ವಿದುರನ ಮನೆಯನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ. 2021ರಲ್ಲಿ ಗಡಿ ದಾಟಿ ಬರುವವರನ್ನು ತಡೆಯಿರೆಂದು ಕೇಂದ್ರದಿಂದ ಆದೇಶ ಹೊರಟಾಗ, ಮಿಜೋರಾಮಿನ ಜನರು ಅವರನ್ನು ಹಿಂದಕ್ಕಟ್ಟದೆ ತಮ್ಮ ಊರುಗಳಲ್ಲಿ ಇರಿಸಿಕೊಂಡು, ಇದ್ದುದರಲ್ಲಿಯೇ ಅನ್ನವಿಕ್ಕಿದರು. ರಾಜನೀತಿಯನ್ನು ಓದದ ಆ ಗುಡ್ಡಗಾಡಿನ ಮನೆಗಳಿಗೆ ತಿಳಿದ ಧರ್ಮವು ದೆಹಲಿಗೂ ತಿಳಿಯಲಿ.