ಕಾಳಿ ಸೇತುವೆ: ತಪ್ಪು ಹೊಳೆಯದಲ್ಲ

2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಹೊಳೆಗೆ ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಅದರ ಜೊತೆಗೇ ನೀರಿಗಿಳಿಯಿತು. ಚಾಲಕನ ಜೀವ ಉಳಿದದ್ದು ಆ ಕತ್ತಲಲ್ಲಿ ಧಾವಿಸಿದ ಮೀನುಗಾರರು ಮತ್ತು ಪೊಲೀಸರಿಂದ. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಜನ ಓಡಾಡುವ ಹೊತ್ತಿನಲ್ಲಿ ಇದು ನಡೆದಿದ್ದರೆ ಏನಾಗುತ್ತಿತ್ತೆಂದು ಕಾರವಾರದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸೇತುವೆಗೆ ಆಗ 41 ವರ್ಷ. ಹೆದ್ದಾರಿ ಪ್ರಾಧಿಕಾರ ಮತ್ತು ಗುತ್ತಿಗೆ ಕಂಪನಿ ಐಆರ್‌ಬಿ ವಿರುದ್ಧ ಪೊಲೀಸರು ಪ್ರಕರಣ ದಾಖಲಿಸಿದರು. ಆದರೆ ಒಂದು ಎಫ್‌ಐಆರ್‌ನಿಂದ ಮುಗಿಯುವ ವಿಷಯ ಇದಲ್ಲ.

ಮಳೆ ಜೋರಾಗಿತ್ತು, ಸೇತುವೆ ಹಳೆಯದಾಗಿತ್ತು ಎಂಬ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ. ಹಳೆಯ ಸೇತುವೆಯ ಮಗ್ಗುಲಲ್ಲೇ ಹೊಸದನ್ನು ಕಟ್ಟಿ, ಹೆದ್ದಾರಿಯ ಒಂದು ಬದಿಯ ಸಂಚಾರವನ್ನೆಲ್ಲ ಹಳೆಯದರ ಮೇಲೆಯೇ ಮುಂದುವರಿಸಿದ್ದು ಮಳೆಯಲ್ಲ, ಮನುಷ್ಯರು. ಅದೇ ರಸ್ತೆಗೆ ಅಂಕೋಲಾದ ಹಟ್ಟಿಕೇರಿಯಲ್ಲಿ ಟೋಲ್ ವಸೂಲಿ ಮಾಡುತ್ತಿದ್ದವರೂ ಮನುಷ್ಯರೇ. ಹಣ ಪಡೆದವನಿಗೆ ರಸ್ತೆಯ ಹೊಣೆಯೂ ಇದೆ. ಪಡೆಯಲು ಬಿಟ್ಟವನಿಗೆ ಇನ್ನೂ ಹೆಚ್ಚಿದೆ.

ಅಳಿವೆಯ ನೀರು ಕಾಂಕ್ರೀಟಿಗೆ ಏನು ಮಾಡುತ್ತದೆ ಎಂಬುದು ಎಂಜಿನಿಯರುಗಳಿಗೆ ಹೊಸ ವಿಷಯವಲ್ಲ. ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಉಕ್ಕಿನ ಮೇಲೆ ತೆಳುವಾದ ರಕ್ಷಾ ಪದರವೊಂದನ್ನು ಕಾಪಾಡುತ್ತದೆ. ಭರತದ ನೀರು, ಉಪ್ಪುಗಾಳಿ ಹೊತ್ತು ತರುವ ಕ್ಲೋರೈಡ್ ಸೂಕ್ಷ್ಮ ಬಿರುಕುಗಳಲ್ಲಿ ಇಳಿದು ಆ ಪದರವನ್ನು ಒಡೆಯುತ್ತದೆ. ಹುಟ್ಟಿದ ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಎಲ್ಲಕ್ಕಿಂತ ಹೆಚ್ಚು ಸವೆಯುವುದು ಭರತ ಇಳಿತದಲ್ಲಿ ದಿನವೂ ನೆನೆದು ಒಣಗುವ ಭಾಗ. ಮೇಲೆ ಡಾಂಬರು ಹೊಸದಾಗಿರಬಹುದು, ಕಟ್ಟೆಗೆ ಬಣ್ಣವೂ ಬಳಿದಿರಬಹುದು, ಒಳಗಿನ ಸರಳಿನ ಸ್ಥಿತಿ ಅದರಿಂದ ತಿಳಿಯದು.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಪಣಜಿಯ ಮಾಂಡವಿ ನದಿಯ ಮೇಲೆ 1970ರ ಸುಮಾರಿಗೆ ಕಟ್ಟಿದ್ದ ನೆಹರು ಸೇತುವೆ 1986ರ ಜುಲೈ 5ರಂದು ಕುಸಿಯಿತು. ಅದರೊಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳನ್ನು ತುಕ್ಕು ತಿಂದಿತ್ತು. ಇಪ್ಪತ್ತು ವರ್ಷವೂ ತುಂಬದ ಸೇತುವೆ! ಕಾರವಾರದಿಂದ ಎರಡು ಮೂರು ತಾಸಿನ ಹಾದಿಯಲ್ಲಿ, ಇದೇ ಕಡಲ ಗಾಳಿಯಲ್ಲಿ, ಇಷ್ಟು ದೊಡ್ಡ ಎಚ್ಚರಿಕೆ ಸಿಕ್ಕ ಮೇಲೂ ಕಾಳಿಯ ದಡದಲ್ಲಿ ಅದನ್ನು ಕೇಳಿಸಿಕೊಳ್ಳದವರಿಗೆ ಕ್ಷಮೆಯಿಲ್ಲ.

ನೆಲದಡಿಯ ತೈಲ ಪೈಪಿನ ವಿಷಯದಲ್ಲಿ ನಮ್ಮ ದೇಶ ಬೇರೆ ದಾರಿ ಹಿಡಿದಿದೆ. 2003ರಿಂದ ಮಂಗಳೂರು–ಹಾಸನ–ಬೆಂಗಳೂರು ನಡುವೆ ಸುಮಾರು 360 ಕಿಲೋಮೀಟರ್ ಉದ್ದಕ್ಕೂ ಪೆಟ್ರೋಲ್, ಡೀಸೆಲ್ ಪೈಪಿನಲ್ಲೇ ಹರಿಯುತ್ತಿದೆ. ಇಂಥ ಪೈಪಿಗೆ ಹೊರಗೆ ಲೇಪನ ಇರಬೇಕು, ಸಣ್ಣ ವಿದ್ಯುತ್ ಹರಿಸಿ ತುಕ್ಕು ತಡೆಯುವ ಕ್ಯಾಥೋಡಿಕ್ ರಕ್ಷಣೆ ಇರಬೇಕು, ‘ಪಿಗ್’ ಎಂಬ ಉಪಕರಣವನ್ನು ಒಳಗೆ ಓಡಿಸಿ ಗೋಡೆ ಎಷ್ಟು ತೆಳುವಾಗಿದೆ ಎಂದು ಅಳೆಯಬೇಕು. 2006ರ ಕಾಯ್ದೆಯಿಂದ ಹುಟ್ಟಿದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಗೆ ಕಂಪನಿಗಳನ್ನು ಕೇಳುವ, ದಂಡ ಹಾಕುವ ಅಧಿಕಾರವಿದೆ. ಮಂಡಳಿ ಕಂಪನಿಗಳ ಕೈಕೆಳಗಿನದಲ್ಲ.

ಕಾಯ್ದೆ ಇದ್ದರೆ ಸಾಲದು ಎಂಬುದನ್ನೂ ನೋಡಿದ್ದೇವೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ ಅನಿಲ ಪೈಪ್ ಸೋರಿ, ಬೆಂಕಿ ಹೊತ್ತಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಹಾಕಿದ ಪೈಪಿನಲ್ಲಿ ತೇವದ ಅನಿಲ ಹರಿಸಿದ್ದರಿಂದ ಒಳಗಿನಿಂದ ತುಕ್ಕು ಕೊರೆದಿತ್ತು. ಮಂಡಳಿ ಇತ್ತು, ನಿಯಮವಿತ್ತು, ಜಾರಿ ಇರಲಿಲ್ಲ. ಅಲಾಸ್ಕದ ಪ್ರೂಡೋ ಬೇಯಲ್ಲಿ 2006ರಲ್ಲಿ ಬಿಪಿ ಕಂಪನಿಯ ಪೈಪ್ ಒಡೆದು ಹಿಮದ ಬಯಲಿಗೆ ಕಚ್ಚಾತೈಲ ಹರಿದಾಗ ಹೊರಬಿದ್ದ ಸತ್ಯ ಇನ್ನೊಂದು ಬಗೆಯದು: ಆ ಪೈಪಿನೊಳಗೆ 1998ರಿಂದ ಪರೀಕ್ಷೆಯ ಪಿಗ್ ಓಡಿರಲೇ ಇಲ್ಲ, ಒತ್ತಡ ಕಡಿಮೆ ಎಂಬ ಕಾರಣಕ್ಕೆ ಆ ಬಗೆಯ ಪೈಪುಗಳನ್ನು ಕಾನೂನೇ ಹೊರಗಿಟ್ಟಿತ್ತು. ಕಾನೂನು ನೋಡದ ಕಡೆ ಕಂಪನಿಯೂ ನೋಡಲಿಲ್ಲ.

ಉತ್ತರ ಕನ್ನಡದ ಕರಾವಳಿಗೆ ತೈಲ, ಅಡುಗೆ ಅನಿಲ ಬರುವುದು ಟ್ಯಾಂಕರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಕಾಳಿ ಸೇತುವೆ ಬೀಳುವುದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅನಿಲ ತುಂಬಿದ ಟ್ಯಾಂಕರೊಂದು ಗಂಗಾವಳಿಗೆ ಬಿದ್ದು ತೇಲಿತು. ಹೊಳೆಯ ದಡದ ಊರವರು ಪಟ್ಟ ಭಯವನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಅಂದರೆ ನಮ್ಮ ಪಾಲಿಗೆ ಸೇತುವೆಯೇ ಪೈಪ್‌ಲೈನು. ಹಾಸನದ ಹೊಲದಡಿಯ ಪೈಪಿಗೆ ಇರುವ ಕಾವಲು, ಮೇಲೆ ಟ್ಯಾಂಕರೂ ಬಸ್ಸೂ ಒಟ್ಟಿಗೆ ಹಾಯುವ ಸೇತುವೆಗೆ ಯಾಕಿಲ್ಲ?

ಇರುವುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಅದು ಒಳ್ಳೆಯ ದಾಖಲೆ, ಆದರೆ ಪಾಲಿಸದವನನ್ನು ಶಿಕ್ಷಿಸುವ ಶಕ್ತಿ ಅದಕ್ಕಿಲ್ಲ. ಸೇತುವೆಯ ಒಡೆತನ ಪ್ರಾಧಿಕಾರದ್ದು. ಗುತ್ತಿಗೆ ಕೊಡುವುದು ಅದೇ. ಮೇಲುಸ್ತುವಾರಿಯ ಎಂಜಿನಿಯರನ್ನು ನೇಮಿಸುವುದೂ ಅದೇ. ಸೇತುವೆ ಬಿದ್ದ ಮೇಲೆ ಪರಿಶೀಲನೆಗೆ ಬರುವುದೂ ಅದೇ. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಳ್ಳುವ ಈ ವ್ಯವಸ್ಥೆಯೇ ಮೊದಲ ಅಪರಾಧಿ ಎಂದು ಈ ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ.

ಪರೀಕ್ಷೆ ಕಷ್ಟವೆಂದು ಯಾರೂ ಹೇಳಬಾರದು. ಪೈಪಿನ ರಕ್ಷಣೆ ಸಾಕೇ ಎಂದು ನೋಡಲು ಬಳಸುವ ತಾಮ್ರ–ತಾಮ್ರದ ಸಲ್ಫೇಟ್ ವಿದ್ಯುದ್ವಾರವನ್ನೇ ಕಾಂಕ್ರೀಟಿನ ಮೇಲಿಟ್ಟೂ ಅಳೆಯಬಹುದು. ಪೈಪಿನಲ್ಲಿ ಮೈನಸ್ 0.85 ವೋಲ್ಟ್ ಸಿಕ್ಕರೆ ರಕ್ಷಣೆ ಸಾಕು. ಕಾಂಕ್ರೀಟಿನಲ್ಲಿ ಮೈನಸ್ 0.35 ವೋಲ್ಟನ್ನೂ ದಾಟಿ ಕೆಳಗಿಳಿದರೆ ಒಳಗೆ ತುಕ್ಕು ಹಿಡಿಯುತ್ತಿರುವ ಸಂಭವ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬಂದ ಅಂಕಿಯನ್ನು ಜನರ ಮುಂದಿಡಲೇಬೇಕೆಂಬ ಕಾನೂನು ಮಾತ್ರ ಇಲ್ಲ.

ಆದ್ದರಿಂದ ಸಂಸತ್ತು ಹೆದ್ದಾರಿ ಪ್ರಾಧಿಕಾರದ ಹೊರಗೆ, ಕಾಯ್ದೆಯ ಬಲವುಳ್ಳ ಸೇತುವೆ ಸುರಕ್ಷಾ ಮಂಡಳಿಯೊಂದನ್ನು ರಚಿಸಲಿ. ದಂಡ ಹಾಕುವ, ಟೋಲ್ ನಿಲ್ಲಿಸುವ, ಸೇತುವೆಯನ್ನು ಅದೇ ದಿನ ಮುಚ್ಚಿಸುವ ಅಧಿಕಾರ ಅದಕ್ಕಿರಲಿ. ಅಲ್ಲಿಯವರೆಗೆ ಜಿಲ್ಲಾಡಳಿತ ಕೈಕಟ್ಟಿ ಕೂರುವ ಹಾಗಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳನ್ನು ಹೆದ್ದಾರಿ ದಾಟುವ ಪ್ರತಿ ಸೇತುವೆಯ ತುಕ್ಕಿನ ಪರೀಕ್ಷೆಯ ಅಂಕಿ, ಪರೀಕ್ಷೆಯ ದಿನಾಂಕ, ಸಹಿ ಹಾಕಿದ ಅಧಿಕಾರಿಯ ಹೆಸರು ಮುಂದಿನ ಮುಂಗಾರಿಗೆ ಮೊದಲೇ ಆಯಾ ಸೇತುವೆಯ ತುದಿಯಲ್ಲಿ ಕನ್ನಡದ ಫಲಕದ ಮೇಲೆ ಬರಲಿ. ಅಂಕಿ ತೋರಿಸಲಾಗದ ಸೇತುವೆಯ ಮೇಲೆ ಟ್ಯಾಂಕರ್ ಹತ್ತಬಾರದು, ಅಲ್ಲಿಯವರೆಗೆ ಹಟ್ಟಿಕೇರಿಯಲ್ಲಿ ಒಂದು ರೂಪಾಯಿ ಟೋಲನ್ನೂ ಪಡೆಯಬಾರದು.