ಸೊಸೆಗೊಂದು ಮೇಜು, ಮೇಜಿಗೊಂದು ದೊಡ್ಡ ಪರದೆ

ನಮ್ಮ ಕಡೆ ಈಗ ಸುಮಾರು ಮನೆಗಳಲ್ಲಿ ಲ್ಯಾಪ್‌ಟಾಪ್ ಐತೆ, ಅದನ್ನ ಇಕ್ಕೋಕೆ ಜಾಗ ಇಲ್ಲ. ಟೀವಿಗೆ ಗೋಡೆ ಐತೆ, ಮಿಕ್ಸಿಗೆ ಕಟ್ಟೆ ಐತೆ, ಹೊಲಿಗೆ ಮಿಷನ್ನಿಗೆ ಕಿಟಕಿ ಪಕ್ಕ ಐತೆ. ತಿಂಗಳಿಗೆ ಸಂಬಳ ತರೋ ಹೆಣ್ಣುಮಗಳ ಲ್ಯಾಪ್‌ಟಾಪ್ ಮಾತ್ರ ಮಂಚದ ಮೇಲೆ, ದಿಂಬಿನ ಮೇಲೆ, ಕೊನೆಗೆ ತೊಡೆ ಮೇಲೆ. ನಾನು ಹೇಳೋದು ಇಷ್ಟೇ ಕಣ್ರಮ್ಮ: ಮನೇಲಿ ಕೂತು ಕೆಲ್ಸ ಮಾಡೋಳಿಗೆ ಒಂದು ಮೇಜು, ಒಂದು ದೊಡ್ಡ ಪರದೆ ಕೊಡ್ಸೋದು ಶೋಕಿ ಅಲ್ಲ. ಒಲೆ ಇಲ್ದೆ ಅಡಿಗೆ ಮಾಡು ಅಂತ ಯಾರಿಗೂ ಹೇಳಲ್ವಲ್ಲ, ಹಂಗೇ ಇದೂನೂ.

ನಮ್ಮೂರ ಕಥೆ ನಿಮಗೆ ಗೊತ್ತಿರೋದೇ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆಮೇಲೆ ಅನ್ನ ಹುಟ್ಟೋ ಜಾಗ ಅಂದ್ರೆ ಬೆಂಗಳೂರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ, ಎಲ್ಲಾ ಕಡೆಯಿಂದ ಬೆಳ್ಗೆ ಕತ್ತಲಲ್ಲೇ ಎದ್ದು ರೈಲು ಹತ್ತಿದ್ರು. 2020ರಲ್ಲಿ ಕೊರೋನ ಬಂದಾಗ ಆ ಆಫೀಸೇ ಮನೆಗೆ ಬಂತು. ಇವತ್ತಿಗೂ ಕೆಲವ್ರಿಗೆ ವಾರದಲ್ಲಿ ಎರಡು ಮೂರು ದಿನ ಮನೇಲೇ ಕೆಲ್ಸ. ರೈಲಲ್ಲಿ ಹೋಗಿ ಬರೋ ನಾಕು ಗಂಟೆ ಉಳೀತು ಅಂತ ನಾವು ಖುಷಿ ಪಡ್ತೀವಿ. ಆ ನಾಕು ಗಂಟೇನ ಸಣ್ಣ ಪರದೆ, ಬಗ್ಗಿದ ಕತ್ತು, ತಲೆನೋವು ತಿಂದಾಕಿದ್ರೆ ಉಳಿದಿದ್ದೇನು?

ಎರಡನೇ ಪರದೆ ಯಾಕೆ ಬೇಕು ಅಂತ ನಮ್ಮ ಅತ್ತೆ ಕೇಳಿದ್ರು. ಅಡಿಗೆಮನೆ ಲೆಕ್ಕದಲ್ಲೇ ಹೇಳ್ದೆ. ಒಂದೇ ಒಲೆ ಇದ್ರೆ ಮುದ್ದೆ ಎಸರು ಇಳ್ಸಿ ಬಸ್ಸಾರು ಇಕ್ಕಬೇಕು, ಬಸ್ಸಾರು ಇಳ್ಸಿ ಮತ್ತೆ ಎಸರು ಇಕ್ಕಬೇಕು. ಎರಡು ಒಲೆ ಇದ್ರೆ ಒಂದು ಕಡೆ ಇದು, ಒಂದು ಕಡೆ ಅದು. ಅಂಗಡಿಯವರ ಜಿಎಸ್‌ಟಿ ಲೆಕ್ಕ ಬರೆಯೋಳು ಬಿಲ್ಲು ನೋಡ್ಬೇಕು, ನೋಡಿದ ಸಂಖ್ಯೆನ ಟ್ಯಾಲಿಗೆ ಹಾಕ್ಬೇಕು. ಒಂದೇ ಪರದೆಲಿ ಬಿಲ್ಲು ತೆಗ್ದು, ಸಂಖ್ಯೆ ತಲೇಲಿ ಇಟ್ಕೊಂಡು, ಅದನ್ನ ಮುಚ್ಚಿ ಟ್ಯಾಲಿ ತೆಗೆಯೋ ಹೊತ್ಗೆ 6,980 ಹೋಗಿ 6,890 ಆಗ್ತದೆ. ಎರಡೂ ಅಕ್ಕಪಕ್ಕ ಕಂಡ್ರೆ ತಲೇಲಿ ಹೊರೋ ಭಾರ ಇಲ್ಲ. ಹಂಗಂತ ನಾಕು ಒಲೆ ಹಚ್ಚಿದ್ರೆ ಒಂದು ಸೀಯ್ತದೆ. ಸುಮಾರು ಕೆಲ್ಸಕ್ಕೆ ಎರಡೇ ಸಾಕು.

ಖರ್ಚಿಗೆ ಮುಂಚೆ ಇರೋದ್ರಲ್ಲೇ ನೋಡ್ಬಹುದು. ಮನೆ ಟೀವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಸಿ, ವಿಂಡೋಸ್ ಬಟನ್ ಜೊತೆ ‘ಪಿ’ ಒತ್ತಿ, ‘ಎಕ್ಸ್‌ಟೆಂಡ್’ ಅನ್ನೋದನ್ನ ಆರ್ಸಿದ್ರೆ ಟೀವಿನೇ ಎರಡನೇ ಪರದೆ. ‘ಡುಪ್ಲಿಕೇಟ್’ ಅಂತ ಕೊಟ್ರೆ ಎರಡರಲ್ಲೂ ಒಂದೇ ಕಾಣ್ತದೆ, ಅದ್ರಿಂದ ಉಪಯೋಗ ಇಲ್ಲ. ದೊಡ್ಡ ಟೀವಿಗೆ ಹತ್ರ ಕೂತ್ರೆ ಅಕ್ಷರ ಒರಟಾಗಿ ಕಾಣ್ತದೆ, ಆದ್ರಿಂದ ನಾಕು ದಿನ ನೋಡೋಕೆ ಸರಿ, ದಿನಾ ಕೆಲ್ಸಕ್ಕೆ 22 ಇಲ್ಲ 24 ಇಂಚಿನ ಮಾನಿಟರೇ ವಾಸಿ. ಕೈ ಚಾಚಿದ್ರೆ ಬೆರಳು ತಾಕೋ ದೂರದಲ್ಲಿ ಇಡಿ. ಪರದೆ ಮೇಲಂಚು ಕಣ್ಣಿನ ಮಟ್ಟಕ್ಕೆ ಬರ್ಲಿ. ಕಿಟಕಿ ಬೆನ್ನ ಹಿಂದೆ ಬೇಡ, ಪಕ್ಕಕ್ಕಿರ್ಲಿ. ಬೆಳಕು ಪರದೆ ಮೇಲೆ ಬಿದ್ರೆ ಕಣ್ಣು ಸೋಲ್ತದೆ.

ಬಂಗಾರಪೇಟೆ ಪಾನಿಪುರಿ ಗಾಡಿಯವ್ರನ್ನ ನೋಡಿ. ಪೂರಿ, ಈರುಳ್ಳಿ, ಆ ಬಿಳೀ ನೀರು, ಎಲ್ಲಾ ಕೈಗೆಟುಕೋ ಹಂಗೆ. ಒಂದಕ್ಕೂ ಬಗ್ಗಲ್ಲ, ಹುಡ್ಕಲ್ಲ. ಕಂಪ್ಯೂಟರ್ ಒಳಗೂ ಹಂಗೆ ಜೋಡಿಸ್ಕೋಬಹುದು. ವಿಂಡೋಸ್ ಬಟನ್ ಜೊತೆ ಎಡ ಇಲ್ಲ ಬಲ ಬಾಣ ಒತ್ತಿದ್ರೆ ಪುಟ ಅರ್ಧ ಪರದೆಗೆ ಕೂತ್ಕೋತದೆ, ಇನ್ನರ್ಧದಲ್ಲಿ ಇನ್ನೊಂದು. ಎರಡನೇ ಪರದೆ ಕೊಳ್ಳೋಕೆ ಆಗ್ದೋರಿಗೆ ಇದೇ ಎರಡನೇ ಒಲೆ. ವಿಂಡೋಸ್ ಜೊತೆ ‘ವಿ’ ಒತ್ತಿದ್ರೆ ಇತ್ತೀಚೆಗೆ ಕಾಪಿ ಮಾಡಿದ್ದು ಪಟ್ಟಿಯಾಗಿ ಬರ್ತದೆ, ಮೊದಲ ಸಲ ಮಾತ್ರ ಆನ್ ಮಾಡ್ಬೇಕು. ನಮ್ಮ ಕನ್ನಡದ ಒತ್ತಕ್ಷರ ಸಣ್ಣ ಸೈಜಲ್ಲಿ ಇರುವೆ ಸಾಲು ಕಂಡಂಗೆ ಕಾಣ್ತದೆ. ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ದೊಡ್ಡದು ಮಾಡ್ಕೊಳ್ಳಿ, ಕಣ್ಣು ಕಿರಿದು ಮಾಡ್ಕೊಂಡು ಓದೋ ಹಣೆಬರಹ ಬೇಡ.

‘ಎರಡು ಪರದೆ ಕೊಟ್ರೆ ಒಂದ್ರಲ್ಲಿ ಸೀರಿಯಲ್ ಓಡ್ತದೆ’ ಅನ್ನೋರು ಅವ್ರೆ. ನಿಜ, ಆ ಎರಡನೇ ಪರದೆಲಿ ವಾಟ್ಸಾಪ್ ತೆಗ್ದಿಟ್ರೆ ಇರೋ ಕೆಲ್ಸಾನೂ ಕೆಡ್ತದೆ. ಅದಕ್ಕೆ ‘ಡು ನಾಟ್ ಡಿಸ್ಟರ್ಬ್’ ಅಂತ ಒಂದು ಗುಂಡಿ ಐತೆ, ಒತ್ತಿದ್ರೆ ಟಿಣ್ ಟಿಣ್ ನಿಲ್ತದೆ. ಆದ್ರೆ ‘ಅಮ್ಮಣ್ಣಿ, ರವಷ್ಟು ಬಂದು ಹಾಲು ಇಳ್ಸು’ ಅನ್ನೋ ಕೂಗನ್ನ ನಿಲ್ಸೋ ಗುಂಡಿ ಯಾವ ಕಂಪ್ಯೂಟರಲ್ಲೂ ಇಲ್ಲ. ಅದು ನಮ್ಮ ಕೈಲೇ ಐತೆ. ಮೂರು ಕಿಲೋಮೀಟ್ರಿಗಿಂತ ಆಳದ ಗಣಿಗೆ ಇಳಿದ ಗಂಡಸ್ನ ಯಾರೂ ‘ಮೇಲೆ ಬಂದು ಹಾಲು ಇಳ್ಸಿ ಹೋಗಿ’ ಅಂತ ಕರೀಲಿಲ್ಲ. ಮೇಜಿನ ಮುಂದೆ ಕೂತೋಳೂ ಕೆಲ್ಸಕ್ಕೇ ಹೋಗವ್ಳೆ ಅಂತ ಅಂದ್ಕೋಬೇಕು. ಮಂಚದ ಮೇಲೆ ಕೂತಿದ್ರೆ ಬಿಡುವಾಗವ್ಳೆ ಅನ್ಸೋದು ಸಹಜ, ಮೇಜಿನ ಮುಂದೆ ಕೂತ್ರೆ ಹಂಗನ್ಸಲ್ಲ. ಮೇಜಿನ ದೊಡ್ಡ ಉಪಯೋಗ ಇದೇ ಅಂತೀನಿ.

ಲೈನ್ ಮನೆಗಳು ಸಣ್ಣವು, ಮೇಜಿಗೆ ಎಲ್ಲಿ ಜಾಗ ಅಂತೀರ. ಗೋಡೆಗೆ ಕೀಲು ಹಾಕಿ ಮಡಚೋ ಹಲಗೆ ಬಡಿಸಿದ್ರೆ ಸಾಕು, ಸಾಯಂಕಾಲ ಮಡಚಿಬಿಡಿ. 1902ರಲ್ಲಿ ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟು ಬಂದಿದ್ದು ಗಣಿ ಮಿಷನ್ನುಗಳಿಗೋಸ್ಕರ, ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಕೆಲ್ಸ ನಡೆಯೋ ಜಾಗಕ್ಕೆ ಮೊದ್ಲು ಸಲಕರಣೆ ಅನ್ನೋದು ನಮ್ಮೂರಿಗೆ ಹೊಸ ಮಾತಲ್ಲ. ಈ ದೀಪಾವಳಿಗೆ ಸೋಫಾ ಬದ್ಲಾಯಿಸೋ ಮುಂಚೆ ಮನೆ ಹೆಣ್ಣುಮಗಳು ಎಲ್ಲಿ ಕೂತು ಕೆಲ್ಸ ಮಾಡ್ತಾವ್ಳೆ ಅಂತ ಒಂದ್ಸಲ ನೋಡಿ. ಅತ್ತಿಗೆ, ನಾದಿನಿ, ಪಕ್ಕದ ಮನೆ ಅಕ್ಕ, ಎಲ್ಲಾರ್ಗೂ ಹೇಳ್ತಾ ಇದೀನಿ.