ಬಾಟಲಿ ಹಲವು, ಬೊಕ್ಕಸ ಒಂದೇ

ಸಿಹಿ ಪಾನೀಯಗಳ ಮೇಲೆ ಸೌದಿ ಅರೇಬಿಯ ಹಾಕುತ್ತಿದ್ದ ಶೇ 50ರ ತೆರಿಗೆ 2026ರ ಜನವರಿ 1ರಿಂದ ಬೇರೆ ರೂಪ ಪಡೆದಿದೆ. ಬೆಲೆಯ ಅರ್ಧದಷ್ಟು ಎಂಬ ಒಂದೇ ಅಳತೆಗೋಲು ಹೋಗಿ, ಸಕ್ಕರೆ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಲೀಟರಿನ ಲೆಕ್ಕದ ತೆರಿಗೆ ಬಂದಿದೆ. ಮಧುಮೇಹದ ಬಗ್ಗೆ, ಕೋಲಾ ಕಂಪನಿಗಳ ಲಾಭ ನಷ್ಟದ ಬಗ್ಗೆ ಮಾತು ನಡೆದಿದೆ. ಆ ದೇಶದಲ್ಲಿ ಬಿಯರಿನ ಜಾಗದಲ್ಲಿ ಕೂತಿರುವ, ಮದ್ಯಾಂಶವಿಲ್ಲದ ಮಾಲ್ಟ್ ಪಾನೀಯದ ಬಗ್ಗೆ ಮಾತ್ರ ಯಾರೂ ಮಾತಾಡುತ್ತಿಲ್ಲ.

ಮಾತಾಡಬೇಕು. ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ಮೆಚ್ಚುವವರು ದೊಡ್ಡ ಕಂಪನಿಗಳ ಬಿಯರ್ ಕೊಳ್ಳಬಹುದೇ ಎಂಬ ಜಗಳ ಬೆಂಗಳೂರಿನಲ್ಲಿ ವರ್ಷಗಳಿಂದ ನಡೆಯುತ್ತಿದೆ. ಅದಕ್ಕೆ ಸ್ಪಷ್ಟ ಉತ್ತರ ಇರುವುದು ಮದ್ಯದಂಗಡಿಗಳೇ ಕಾಣದ ಸೌದಿಯ ಬೀದಿಗಳಲ್ಲಿ. ನನ್ನ ತೀರ್ಮಾನ ಇಷ್ಟು: ಆಯ್ಕೆ ಇರುವ ಕಡೆ ಕೊಳ್ಳಬಾರದು. ‘ರುಚಿ ಚೆನ್ನಾಗಿದ್ದರೆ ಸಾಕು, ಮಾಲೀಕ ಯಾರಾದರೇನು’ ಎನ್ನುವವರು ಲೋಟದೊಳಗೆ ಇರುವುದನ್ನಷ್ಟೇ ನೋಡುತ್ತಾರೆ. ಆ ಲೋಟ ಮೇಜಿನವರೆಗೆ ಬಂದ ದಾರಿಯನ್ನು ನೋಡುವುದಿಲ್ಲ. ದಾರಿ ಒಬ್ಬರ ಕೈಗೆ ಹೋದ ಮೇಲೆ ರುಚಿಯನ್ನು ಆರಿಸುವವರೂ ಅವರೇ.

ದಮ್ಮಾಮ್, ಜುಬೈಲ್, ಜೆದ್ದಾಗಳಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳಿಗೆ ಈ ಬಾಟಲಿಗಳ ಪರಿಚಯ ಮಾಡಿಕೊಡಬೇಕಿಲ್ಲ. ಸಂಜೆ ಪಾಳಿ ಮುಗಿಸಿ ಬಕಾಲಕ್ಕೆ, ಅಂದರೆ ಅಲ್ಲಿನ ಕಿರಾಣಿ ಅಂಗಡಿಗೆ, ಹೋದರೆ ಫ್ರಿಜ್‌ನಲ್ಲಿ ಬಾರ್ಬಿಕನ್, ಮೌಸಿ, ಹೋಲ್ಸ್ಟನ್ ಸಾಲಾಗಿ ನಿಂತಿರುತ್ತವೆ. ಸೇಬು, ದಾಳಿಂಬೆ, ಸ್ಟ್ರಾಬೆರಿ ಎಂದು ರುಚಿಗೊಂದು ಬಣ್ಣ. ನೋಡುವ ಕಣ್ಣಿಗೆ ದೊಡ್ಡ ಸಂತೆ. ಆದರೆ ಲೆಕ್ಕ ಹಾಕಿ ನೋಡಿ. ಮೌಸಿಯ ಮೂಲ ಸ್ವಿಟ್ಜರ್ಲೆಂಡ್, ಹೋಲ್ಸ್ಟನ್‌ನ ಮೂಲ ಜರ್ಮನಿ. ಸ್ವಿಸ್ ಸಂಸ್ಥೆ 2000ರಲ್ಲಿ, ಜರ್ಮನ್ ಸಂಸ್ಥೆ 2004ರಲ್ಲಿ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ತೆಕ್ಕೆಗೆ ಬಿದ್ದವು. ಒಂದು ಬೇಡವೆಂದು ಇನ್ನೊಂದನ್ನು ಎತ್ತಿಕೊಂಡವನ ದುಡ್ಡು ಹೋಗುವುದು ಒಂದೇ ಮನೆಗೆ. ಮೂರನೆಯದಾದ ಬಾರ್ಬಿಕನ್ ಕಥೆಯೇ ಈ ಇಡೀ ಚರ್ಚೆಯ ಬೀಗದ ಕೈ.

2011ರ ಡಿಸೆಂಬರ್‌ನಲ್ಲಿ ಕೋಕಾ-ಕೋಲಾ ಕಂಪನಿ ಸೌದಿಯ ಔಜಾನ್ ಸಂಸ್ಥೆಯ ಪಾನೀಯ ವ್ಯವಹಾರದಲ್ಲಿ ಸುಮಾರು ಅರ್ಧ ಪಾಲನ್ನು 98 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಮರುವರ್ಷ ವ್ಯವಹಾರ ಮುಗಿಯಿತು. ಬಾರ್ಬಿಕನ್ ಮತ್ತು ಹಣ್ಣಿನ ತುಣುಕುಗಳಿರುವ ರಾಣಿ ಜ್ಯೂಸ್ ಎರಡೂ ಅದರೊಳಗಿದ್ದವು. ಅದೇ 2011ರ ಮಾರ್ಚ್‌ನಲ್ಲಿ ಬಿಯರ್ ದೈತ್ಯ ಎಬಿ ಇನ್‌ಬೆವ್ ಷಿಕಾಗೊದ ಗೂಸ್ ಐಲೆಂಡ್ ಎಂಬ ಕ್ರಾಫ್ಟ್ ಬ್ರೂವರಿಯನ್ನು ಕೊಂಡಿತ್ತು. ಬೆಲೆ 3.88 ಕೋಟಿ ಡಾಲರ್. ಕ್ರಾಫ್ಟ್ ಬಿಯರಿನ ಬಗ್ಗೆ ಬರೆಯುವವರೆಲ್ಲ ಗೂಸ್ ಐಲೆಂಡ್ ಮಾರಾಟವಾದ ದಿನವನ್ನು ಇಂದಿಗೂ ನೆನೆದು ಮರುಗುತ್ತಾರೆ. ಅದರ 25 ಪಟ್ಟು ಹಣ ಸುರಿದು, ಬರೀ ಅರ್ಧ ಪಾಲು ಪಡೆದ ಔಜಾನ್‌ನ ಆ ವ್ಯವಹಾರ ಯಾರ ಬಾಯಲ್ಲೂ ಇಲ್ಲ.

ಎರಡೂ ಒಂದೇ ಬಗೆಯ ವ್ಯಾಪಾರವಲ್ಲ ಎಂಬುದನ್ನು ಒಪ್ಪುತ್ತೇನೆ. ಔಜಾನ್ ಆಗಲೇ ದೊಡ್ಡ ಸಂಸ್ಥೆ, ಬಾರ್ಬಿಕನ್ ಯಾವತ್ತೂ ಕುಶಲಕರ್ಮಿಯ ಸರಕಾಗಿರಲಿಲ್ಲ. ಹಾಗಾದರೆ 98 ಕೋಟಿ ಡಾಲರ್ ಕೊಟ್ಟದ್ದು ಯಾತಕ್ಕೆ? ಬಾರ್ಲಿ, ನೀರು, ಹಾಪ್ಸ್, ಗಾಳಿಗುಳ್ಳೆ ಬೆರೆಸುವ ವಿದ್ಯೆ ಕೋಕಾ-ಕೋಲಾದಂಥ ಕಂಪನಿಗೆ ಕಷ್ಟದ್ದಲ್ಲ. ಒಪ್ಪಂದದ ಎರಡು ಭಾಗಗಳನ್ನು ಗಮನಿಸಿ: ಬ್ರ್ಯಾಂಡ್‌ಗಳ ಒಡೆತನದಲ್ಲಿ ಅರ್ಧ ಒಂದು ಕಡೆ, ಬಾಟಲಿ ತುಂಬಿಸಿ ಹಂಚುವ ವ್ಯವಹಾರದಲ್ಲಿ ಶೇ 49 ಇನ್ನೊಂದು ಕಡೆ. ಹೆಸರಿನ ಜತೆಗೇ ಹಂಚಿಕೆಯನ್ನೂ ಕೊಂಡರು. ಕಾರ್ಖಾನೆಯಿಂದ ಹೊರಟ ವ್ಯಾನ್, ಆ ವ್ಯಾನ್ ನಿಲ್ಲುವ ಅಂಗಡಿ, ಅಂಗಡಿಯವನ ಜತೆಗಿನ ದಶಕಗಳ ಲೇವಾದೇವಿ ಇವೆಲ್ಲ ಆ 98 ಕೋಟಿಯೊಳಗಿವೆ. ಮಧ್ಯಪ್ರಾಚ್ಯದ ಗ್ರಾಹಕ ಸರಕು ಕ್ಷೇತ್ರದಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ ಅತಿ ದೊಡ್ಡ ಹೂಡಿಕೆ ಎಂದು ಅದನ್ನು ಆಗ ಬಣ್ಣಿಸಿದ್ದು ಸುಮ್ಮನೆ ಅಲ್ಲ.

ನಲವತ್ತೈದು ಡಿಗ್ರಿ ಬಿಸಿಲಿನ ಊರಿನಲ್ಲಿ ತಣ್ಣಗಿರುವ ಬಾಟಲಿ ಮಾತ್ರ ಮಾರಾಟವಾಗುತ್ತದೆ. ಅಂಗಡಿಗೆ ಫ್ರಿಜ್ ಕೊಟ್ಟವನ ಬಾಟಲಿಗೆ ಅದರ ಎದುರಿನ ಸಾಲು ಮೀಸಲು ಎಂಬುದು ಸೌದಿಯ ಬಕಾಲದಲ್ಲೂ ನಮ್ಮ ಹಳ್ಳಿಯ ಬೀಡಾ ಅಂಗಡಿಯಲ್ಲೂ ಒಂದೇ ನಿಯಮ. ಹೊಸಬನೊಬ್ಬ ಎಷ್ಟೇ ಒಳ್ಳೆಯ ಮಾಲ್ಟ್ ಪಾನೀಯ ಮಾಡಿ ತಂದರೂ ಇಡಲು ಜಾಗವಿಲ್ಲ. ಗಿರಾಕಿಗೆ ಅವನ ಬಾಟಲಿ ಕಾಣುವುದಿಲ್ಲ. ಕಾಣದ್ದನ್ನು ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲ ಎಂಬುದನ್ನೇ ಆಮೇಲೆ ‘ಮಾರುಕಟ್ಟೆಯ ತೀರ್ಪು’ ಎಂದು ನಮಗೆ ಹೇಳಲಾಗುತ್ತದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಸೌದಿಯಲ್ಲಿ ಸಣ್ಣ ಬ್ರೂವರಿ ಇಲ್ಲದ್ದಕ್ಕೆ ಪಾನನಿಷೇಧ ಕಾರಣ, ಕಂಪನಿಗಳಲ್ಲ. ಅರ್ಧ ಸತ್ಯ. ಬಿಯರ್ ಹುದುಗಿಸಿ ಆಮೇಲೆ ಮದ್ಯಾಂಶ ತೆಗೆಯುವುದಾದರೆ ಕಾನೂನೂ ಅಡ್ಡ, ಖರ್ಚೂ ಅಡ್ಡ. ನಿರ್ವಾತದಲ್ಲಿ ಕಡಿಮೆ ಶಾಖಕ್ಕೆ ಕಾಯಿಸಿ ಆವಿ ಮಾಡುವ ಅಥವಾ ಪೊರೆಗಳ ಮೂಲಕ ಸೋಸುವ ಯಂತ್ರ ಸಣ್ಣವರ ಕೈಗೆಟುಕುವುದಲ್ಲ. ಆದರೆ ಮಾಲ್ಟ್ ಪಾನೀಯವನ್ನು ಹುದುಗಿಸದೆಯೂ ಮಾಡಬಹುದು. ಸೌದಿಯ ಕಾನೂನು ನಿಷೇಧಿಸಿದ್ದು ಮದ್ಯವನ್ನು, ಬಾರ್ಲಿಯನ್ನಲ್ಲ. ಹಾಗಿದ್ದೂ ಆ ಫ್ರಿಜ್ ಕೆಲವೇ ಮನೆಗಳ ಸ್ವತ್ತಾಗಿ ಉಳಿಯಿತು ಎಂದರೆ ತಪ್ಪನ್ನೆಲ್ಲ ಕಾನೂನಿನ ತಲೆಗೆ ಕಟ್ಟಲಾಗದು.

ಹಳೆಯ ತೆರಿಗೆಯೂ ಸಣ್ಣವರ ಕತ್ತು ಹಿಚುಕಿತ್ತು. ಬೆಲೆಯ ಮೇಲೆ ಶೇ 50 ಎಂದರೆ 4 ರಿಯಾಲ್‌ನ ಬಾಟಲಿಗೆ 2 ರಿಯಾಲ್ ತೆರಿಗೆ, 12 ರಿಯಾಲ್‌ನ ಬಾಟಲಿಗೆ 6 ರಿಯಾಲ್. ಎರಡರಲ್ಲೂ ಸಕ್ಕರೆ ಒಂದೇ ಇದ್ದರೂ ಅಷ್ಟೇ. ಕಡಿಮೆ ಪ್ರಮಾಣದಲ್ಲಿ, ದುಬಾರಿ ಬಾರ್ಲಿಯಲ್ಲಿ, ಕೂಲಿ ಹೆಚ್ಚು ಕೊಟ್ಟು ಮಾಡಿದವನಿಗೇ ದಂಡ. ಈಗ ಬೆಲೆಯನ್ನು ಬಿಟ್ಟು ಸಕ್ಕರೆಯನ್ನು ಅಳೆಯುವುದರಿಂದ ಸಿಹಿ ಕಡಿಮೆ ಇರುವ, ಬಾರ್ಲಿಯ ರುಚಿಯನ್ನೇ ನೆಚ್ಚಿಕೊಂಡ ಸಣ್ಣ ತಯಾರಕನಿಗೆ ಮೊದಲ ಸಲ ಒಂದು ಬಾಗಿಲು ತೆರೆದಿದೆ. ಆರೋಗ್ಯಕ್ಕಾಗಿ ತಂದ ನೀತಿಯಿಂದ ಕುಶಲತೆಗೂ ಉಸಿರು ಸಿಕ್ಕಿತು. ಇದನ್ನು ಮನಸಾರೆ ಸ್ವಾಗತಿಸಬೇಕು. ಆದರೆ ತೆರಿಗೆಯ ಬಾಗಿಲು ತೆರೆದರೂ ಫ್ರಿಜ್‌ನ ಬಾಗಿಲು ಮುಚ್ಚಿಯೇ ಇದೆ.

ಫ್ರಿಜ್‌ನ ಹಂಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸೌದಿಯ ಕಾಫಿ ಸಾಕ್ಷಿ. ಜೆದ್ದಾದಲ್ಲಿ ಬ್ರೂ92, ರಿಯಾದ್‌ನಲ್ಲಿ ಕ್ಯಾಮೆಲ್ ಸ್ಟೆಪ್, ಎಲಿಕ್ಸಿರ್ ಬುನ್‌ನಂಥ ಹುರಿಯುವ ಮನೆಗಳು ಹುಟ್ಟಿ ಬೆಳೆದವು. ಬೀಜ ಹುರಿದವರದೇ ಕೌಂಟರ್, ಕುಡಿಯುವವನ ಕೈಗೆ ಲೋಟ ಕೊಡುವವರೂ ಅವರೇ, ನಡುವೆ ಹಂಚಿಕೆದಾರನಿಲ್ಲ. ಜಜಾನ್ ಬೆಟ್ಟಗಳ ಖೌಲಾನಿ ಕಾಫಿಯ ಕೃಷಿಜ್ಞಾನ 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದೇ ವರ್ಷ ಸೌದಿಯ ಸರ್ಕಾರಿ ಹೂಡಿಕೆ ನಿಧಿ ಹತ್ತು ವರ್ಷಗಳಲ್ಲಿ 120 ಕೋಟಿ ರಿಯಾಲ್ ಹೂಡುವ ಸೌದಿ ಕಾಫಿ ಕಂಪನಿಯನ್ನು ಕಟ್ಟಿತು. ದೊಡ್ಡ ಬಂಡವಾಳ ಅಲ್ಲಿಗೂ ಬಂದಿದೆ. ಹಜ್‌ನಿಂದ ಮರಳುವಾಗ ಬಾಬಾ ಬುಡನ್ ತಂದರೆಂದು ನಂಬಲಾದ ಬೀಜದಿಂದ ಬದುಕು ಕಟ್ಟಿಕೊಂಡ ಚಿಕ್ಕಮಗಳೂರಿನವರು ಈ ಬೆಳವಣಿಗೆಯ ಮೇಲೆ ಕಣ್ಣಿಡಬೇಕು. ಸದ್ಯಕ್ಕೆ ಕೌಂಟರ್ ಸಣ್ಣವರ ಕೈಯಲ್ಲಿದೆ, ಅದರಿಂದಲೇ ಕಾಫಿ ಉಳಿದಿದೆ.

ಬೆಂಗಳೂರಿನ ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್‌ನಂಥ ಮೈಕ್ರೊಬ್ರೂವರಿಗಳು ಬದುಕಿರುವುದೂ ಇದೇ ಗುಟ್ಟಿನಿಂದ. ಬಿಯರ್ ತಯಾರಾದ ಕಡೆಯೇ ನಲ್ಲಿಯೂ ಇದೆ. ಆ ನಲ್ಲಿಯಿಂದ ಆಚೆಗೆ, ಇತರ ಪಬ್ಬು, ಹೋಟೆಲುಗಳಲ್ಲಿ ಏನು ನಡೆಯಿತು ಎಂಬುದಕ್ಕೆ ದಾಖಲೆಯಿದೆ, ಅದನ್ನು ಓದುವವರಿಲ್ಲ. 2021ರ ಸೆಪ್ಟೆಂಬರ್ 24ರಂದು ಭಾರತೀಯ ಸ್ಪರ್ಧಾ ಆಯೋಗ ಯುನೈಟೆಡ್ ಬ್ರೂವರೀಸ್, ಕಾರ್ಲ್ಸ್‌ಬರ್ಗ್ ಇಂಡಿಯಾ ಮತ್ತು ಎಬಿ ಇನ್‌ಬೆವ್ ಕೂಡಿಕೊಂಡು ಬೆಲೆ ಗೊತ್ತುಮಾಡಿದ್ದವು ಎಂದು ತೀರ್ಮಾನಿಸಿತು. ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ ರೂಪಾಯಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ ರೂಪಾಯಿ ದಂಡ. ಒಳಸುಳಿ ತಾನೇ ಬಿಚ್ಚಿಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ವಿನಾಯಿತಿ. ದಂಡದ ಮೊತ್ತ ಪತ್ರಿಕೆಗಳಲ್ಲಿ ಬಂತು. ಆದೇಶದಲ್ಲಿದ್ದ ಇನ್ನೊಂದು ಅಂಶವನ್ನು ಎಲ್ಲರೂ ದಾಟಿಹೋದರು: ಬೆಂಗಳೂರು ನಗರದ ಪ್ರತಿಷ್ಠಿತ ಮಳಿಗೆಗಳಿಗೆ ಬಿಯರ್ ಪೂರೈಸುವುದರಲ್ಲೂ ಹೊಂದಾಣಿಕೆ ನಡೆದಿತ್ತು ಎಂಬುದು. ಮೇಲ್ಮನವಿ ನ್ಯಾಯಮಂಡಳಿ 2022ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಮೌಸಿ, ಹೋಲ್ಸ್ಟನ್‌ಗಳ ಒಡೆಯನ ಭಾರತದ ಶಾಖೆಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ನೆನಪಿಡಿ. ರಿಯಾದ್‌ನ ಫ್ರಿಜ್‌ನಲ್ಲಿ ಎದುರಾಗುವ ಮನೆತನವೇ ಬ್ರಿಗೇಡ್ ರಸ್ತೆಯಲ್ಲೂ ಎದುರಾಗುತ್ತದೆ.

ಈಗ ಅದೇ ದೊಡ್ಡವರು ಸಣ್ಣವರ ಅಂಗಿ ತೊಟ್ಟು ಬರುತ್ತಿದ್ದಾರೆ. ಬೆಂಗಳೂರಿನ ತಾಜ್ ಎಂ.ಜಿ. ರಸ್ತೆ ಹೋಟೆಲಿನಲ್ಲಿ ಎಬಿ ಇನ್‌ಬೆವ್ ಸಹಯೋಗದಲ್ಲೇ ‘7 ರಿವರ್ಸ್’ ಎಂಬ ಮೈಕ್ರೊಬ್ರೂವರಿ ಶುರುವಾಯಿತು. ಅಲ್ಲಿನ ಬಿಯರ್ ಚೆನ್ನಾಗಿರಬಹುದು, ನನ್ನ ತಕರಾರು ರುಚಿಯ ಮೇಲಲ್ಲ. ಅಲ್ಲಿ ತೆತ್ತ ಹಣದ ಲಾಭ ಯಾರ ಕೈ ಸೇರುತ್ತದೆ, ಆ ಕೈ ನಾಳೆ ಯಾವ ಪಬ್ಬಿನ ನಲ್ಲಿಗಳನ್ನು ಗುತ್ತಿಗೆ ಹಿಡಿಯುತ್ತದೆ ಎಂಬುದರ ಮೇಲೆ.

ದೊಡ್ಡ ಕಂಪನಿಗಳ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ನಂಜನಗೂಡು, ನೆಲಮಂಗಲದ ಬಿಯರ್ ಕಾರ್ಖಾನೆಗಳು ಅನ್ನ ಕೊಟ್ಟಿವೆ. ಯಾವ ಊರಿನಲ್ಲಿ ತೆರೆದರೂ ಒಂದೇ ರುಚಿ ಇರುವಂತೆ ನೋಡಿಕೊಳ್ಳುವುದು ಸಣ್ಣ ವಿದ್ಯೆಯಲ್ಲ. ಬೆಲೆಯೂ ಕಡಿಮೆ. ಜುಬೈಲ್‌ನ ಕಾರ್ಖಾನೆಯಲ್ಲಿ ದಿನವಿಡೀ ಬೆವರು ಹರಿಸಿ ಬಂದ ಉಡುಪಿಯ ಹುಡುಗ ಒಂದು ಬಾರ್ಬಿಕನ್ ತೆರೆದರೆ ಅವನನ್ನು ಪ್ರಶ್ನಿಸುವ ಹಕ್ಕು ನನಗೂ ಇಲ್ಲ, ಯಾರಿಗೂ ಇಲ್ಲ. ಅವನ ಮುಂದೆ ಬೇರೆ ಬಾಟಲಿಯೇ ಇಲ್ಲ. ನನ್ನ ಮಾತು ಆಯ್ಕೆ ಇದ್ದೂ ಅದನ್ನು ಹಗುರಾಗಿ ಕಾಣುವವರಿಗೆ. ಇಂದಿರಾನಗರದಲ್ಲಿ ಕೂತು ‘ಮಾಲೀಕ ಯಾರಾದರೇನು’ ಎನ್ನುವಾತ ತನ್ನ ಊರಿನ ನಲ್ಲಿಯ ಸಾಲನ್ನು ಮೆಲ್ಲಗೆ ಆ ಬಕಾಲದ ಫ್ರಿಜ್‌ನಂತೆ ಮಾಡುತ್ತಿದ್ದಾನೆ. ಪಾನನಿಷೇಧ, ಹಂಚಿಕೆಯ ಹಿಡಿತ ಎರಡೂ ಸೇರಿ ಸೌದಿಯಲ್ಲಿ ಮಾಡಿದ ಕೆಲಸವನ್ನು ಹಂಚಿಕೆಯ ಹಿಡಿತವೊಂದೇ ಇಲ್ಲಿ ನಿಧಾನವಾಗಿ ಮಾಡಬಲ್ಲದು.

ಹಾಗಾದರೆ ಅಳತೆ ಯಾವುದು? ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಒಂದು ಗೆರೆ ಎಳೆದಿದೆ: ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಯ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು. 2017ರಿಂದ ಅಂಥ ಬಾಟಲಿಗಳಿಗೆ ಮುದ್ರೆಯೂ ಇದೆ. ಕರ್ನಾಟಕದಲ್ಲಿ ನಲ್ಲಿಯ ಪಕ್ಕದಲ್ಲಿ ಮಾಲೀಕರ ಹೆಸರು ಬರೆಯಬೇಕೆಂಬ ಒಂದು ಸಾಲಿನ ನಿಯಮ ತಂದರೂ ಸಾಕು, ಅರ್ಧ ಜಗಳ ಮುಗಿಯುತ್ತದೆ. ಗೊತ್ತಿದ್ದೂ ದೊಡ್ಡವರದ್ದನ್ನೇ ಕುಡಿಯುವವರು ಕುಡಿಯಲಿ. ಗೊತ್ತಿಲ್ಲದೆ ಕುಡಿಯುವುದು ಬೇಡ.

ಸೌದಿಗೂ ಒಂದು ಗಡುವು ಇದೆ. 2034ರ ಫುಟ್‌ಬಾಲ್ ವಿಶ್ವಕಪ್ ಅಲ್ಲಿ ನಡೆಯಲಿದೆ, ಮದ್ಯ ಇರುವುದಿಲ್ಲ ಎಂದು ಬ್ರಿಟನ್‌ನಲ್ಲಿನ ಸೌದಿ ರಾಯಭಾರಿ 2025ರ ಫೆಬ್ರುವರಿಯಲ್ಲೇ ಹೇಳಿದ್ದಾರೆ. ಕತಾರ್‌ನಲ್ಲಿ 2022ರ ನವೆಂಬರ್ 18ರಂದು, ಪಂದ್ಯಗಳು ಶುರುವಾಗಲು ಎರಡೇ ದಿನ ಇರುವಾಗ, ಕ್ರೀಡಾಂಗಣದ ಸುತ್ತ ಬಿಯರ್ ಮಾರಾಟ ನಿಂತಿತು. ಉಳಿದದ್ದು ಪ್ರಾಯೋಜಕ ಕಂಪನಿಯ ಮದ್ಯಾಂಶವಿಲ್ಲದ ಬಡ್‌ವೈಸರ್. ಮದ್ಯ ಹೋದರೂ ಏಕಸ್ವಾಮ್ಯ ಹೋಗಲಿಲ್ಲ. ಪಾನನಿಷೇಧ ಅವರ ನೆಲದ ಕಾನೂನು, ಅದರ ಬಗ್ಗೆ ನನ್ನ ವಾದವಿಲ್ಲ. ಆದರೆ ಜಗತ್ತೆಲ್ಲ ಬಂದು ಕೂರುವ ಆ ಕ್ರೀಡಾಂಗಣದಲ್ಲಿ ಸೌದಿಯ ಸಣ್ಣ ತಯಾರಕನ ಮಾಲ್ಟ್ ಬಾಟಲಿಗೆ ಒಂದು ಫ್ರಿಜ್ ಸಿಗದಿದ್ದರೆ ಹೊಸ ತೆರಿಗೆ ತೆರೆದ ಬಾಗಿಲಿಗೆ ಅರ್ಥವೇ ಇಲ್ಲ. ಮುಂದೆ ಎಂಟು ವರ್ಷಗಳಿವೆ. ಬೆಂಗಳೂರಿನ ಗಿರಾಕಿಗೆ ಮಾತ್ರ ಅಷ್ಟು ದಿನ ಕಾಯುವ ಅಗತ್ಯವಿಲ್ಲ. ಈ ಸಂಜೆಯೇ ‘ಇದು ಯಾರದ್ದು?’ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ದುಡ್ಡು ಕೊಟ್ಟರೆ ಸಾಕು.